ಎಡಗಡೆಯ ಕೆಂಪು ದೀಪ

"ಥೂ! ಏನೇ ಇದು, ಒದ್ದೆ?"

ಕಾರಿನ ಡಿಕ್ಕಿಯೊಳಗೆ ಮೊಣಕೈವರೆಗೆ ಕೈ ತೂರಿಸಿದ್ದೆ. ಎಡಗಡೆಯ ದೀಪದ ಹಿಂದಿನ ಕಪ್ಪು ಹಾಸನ್ನು ಎಳೆದದ್ದೇ ತಡ, ಬೆರಳಿಗೆ ಏನೋ ಮೆತ್ತಿಕೊಂಡಿತು. ಮೂಗಿನ ಹತ್ತಿರ ತರಬೇಕಾಗಲೇ ಇಲ್ಲ, ವಾಸನೆ ತಾನಾಗಿಯೇ ಎದ್ದು ಬಂತು.

"ಇಲಿ ಇರ್ಬೇಕು ಮೇಡಂ," ಎಂದಳು ಟಾರ್ಚು ಹಿಡಿದು ನಿಂತಿದ್ದ ಅಕ್ಕ. "ಮನೆ ಹಿಂದಿನ ಈ ಶೆಡ್ಡಲ್ಲಿ ತುಂಬಾ ಕಾಟ."

"ಇರ್ಬೇಕು ಏನು ಬಂತು, ಮೂರು ತಲೆಮಾರಿಂದ ಸಂಸಾರ ಹೂಡಿವೆ."

ಅಕ್ಕ ಅಂದರೆ ನನ್ನ ಅಕ್ಕನಲ್ಲ. ಲಾಕಪ್ಪಿನಲ್ಲಿರುವ ಹುಡುಗನ ಅಕ್ಕ. ನನಗಿಂತ ಎಷ್ಟೋ ಚಿಕ್ಕವಳು. ಮೊದಲ ದಿನ ನನ್ನ ಪತ್ತೇದಾರಿ ಆಫೀಸಿನ ಬಾಗಿಲಲ್ಲಿ ನಿಂತು "ನಾನು ಅವನ ಅಕ್ಕ" ಎಂದಳು, ಅದೇ ಹೆಸರಾಗಿ ಉಳಿಯಿತು.

ಕಸದ ಗುಡ್ಡೆಗೆ ಹೋಗುವ ರಸ್ತೆಯಲ್ಲಿ, ಸಂಜೆ ಮಬ್ಬಿನಲ್ಲಿ, ಚಿಂದಿ ಆಯುವ ಬಾಟ್ಲಿಯಮ್ಮನನ್ನು ಒಂದು ಬೂದು ಬಣ್ಣದ ಹಳೇ ಕಾರು ಗುದ್ದಿ ಹೋಗಿತ್ತು, ಅವಳು ಅಲ್ಲೇ ಸತ್ತಿದ್ದಳು. ಅದರ ಎಡಗಡೆಯ ಬ್ರೇಕ್ ದೀಪ ಉರಿಯುತ್ತಿರಲಿಲ್ಲ ಎಂದು ಗೋದಾಮಿನ ಕಾವಲುಗಾರ ಹೇಳಿದ. ಅಕ್ಕನ ತಮ್ಮನ ಹತ್ತಿರ ಬೂದು ಕಾರಿತ್ತು, ಅದರ ಎಡಗಡೆಯ ದೀಪ ಸತ್ತಿತ್ತು. ಪೊಲೀಸರಿಗೆ ಅಷ್ಟು ಸಾಕಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಅವರು.

ಹುಡುಗ ರಾತ್ರಿ ಪಾಳಿಯ ಕೆಲಸದವನು. ಆ ಹೊತ್ತಿಗೆ ಮನೆಯಲ್ಲಿ ಮಲಗಿದ್ದೆ ಎನ್ನುತ್ತಾನೆ. ಮಲಗಿದವನಿಗೆ ಸಾಕ್ಷಿ ಯಾರು? ನಾಳೆ ಅವನನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ. ಅಲ್ಲಿಂದ ನೇರ ಜೈಲು. ಅಷ್ಟರೊಳಗೆ ನನ್ನ ಕೈಗೆ ಏನಾದರೂ ಸಿಗಬೇಕಿತ್ತು, ಈವರೆಗೆ ಸಿಕ್ಕಿದ್ದು ಇಲಿಯ ಉಚ್ಚೆ.

ಕಾರನ್ನಾದರೂ ಠಾಣೆಗೆ ಒಯ್ದಿದ್ದಾರೆಯೇ? ಇಲ್ಲ. ಅಂಗಳದಲ್ಲಿ ಜಾಗವಿಲ್ಲವಂತೆ. ಮುಂದಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಡಿಕ್ಕಿಯನ್ನು ಹಾಗೆಯೇ ಬಿಟ್ಟು, ಟೀ ಕುಡಿದು ಹೋಗಿದ್ದರು. ನನ್ನ ಹೊಟ್ಟೆ ಉರಿಯಿತು, ಆದರೆ ಅವರ ಸೋಮಾರಿತನವೇ ಇವತ್ತು ನನಗೆ ಉಪಕಾರವಾಗಿತ್ತು.

"ಟಾರ್ಚು ಸರಿಯಾಗಿ ಹಿಡಿ. ನನ್ನ ಮುಖಕ್ಕಲ್ಲ, ದೀಪಕ್ಕೆ."

ಹೋಲ್ಡರನ್ನು ತಿರುಗಿಸಿ ಎಳೆದೆ. ಬಲ್ಬನ್ನು ಸ್ವಲ್ಪ ಒತ್ತಿ ತಿರುಗಿಸಿದರೆ ಕೈಗೇ ಬರುತ್ತದೆ. ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದಾದ ಕೆಲಸ. ಈರುಳ್ಳಿ ಹೆಚ್ಚುವುದಕ್ಕಿಂತ ಸುಲಭ, ಕಣ್ಣೀರೂ ಬರುವುದಿಲ್ಲ.

ಬಲ್ಬು ಸುಟ್ಟಿತ್ತು. ಗಾಜು ಒಳಗಿನಿಂದ ಕಪ್ಪಾಗಿತ್ತು, ತಂತಿ ತುಂಡಾಗಿ ನೇತಾಡುತ್ತಿತ್ತು. ಅದರಲ್ಲೇನೂ ವಿಶೇಷವಿಲ್ಲ. ಆದರೆ ಅದರ ಹಿತ್ತಾಳೆಯ ಬುಡ ನೋಡಿದೆ. ತೊಳೆದಿಟ್ಟ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಹೋಲ್ಡರಿನ ಒಳಗೆ ನೋಡಿದರೆ ಹಸಿರು ಕಿಲುಬು, ತುಕ್ಕು, ತೇವ. ಬೆರಳಿಟ್ಟರೆ ಹಸಿರು ಪುಡಿ ಉದುರುತ್ತಿತ್ತು.

"ಇವೆರಡೂ ಒಟ್ಟಿಗೆ ಬಾಳಿದವಲ್ಲ ಕಣೇ," ಎಂದೆ.

"ಅಂದ್ರೆ?"

"ಈ ಕೊಚ್ಚೇಲಿ ವರ್ಷಗಟ್ಟಲೆ ಇದ್ದ ಬಲ್ಬಿನ ಬುಡವೂ ಕಿಲುಬು ಹಿಡೀಬೇಕು. ಇದು ಬೇರೆಲ್ಲೋ ಒಣಗಿದ ಜಾಗದಲ್ಲಿದ್ದು ಸುಟ್ಟಿದೆ. ಸತ್ತ ಮೇಲೆ ತಂದು ಇಲ್ಲಿ ಹಾಕಿದ್ದಾರೆ."

ನಾನು ಎಲ್ಲದರ ಫೋಟೋ ತೆಗೆದುಕೊಂಡೆ. ಮತ್ತೆ ಕೂರಿಸುವಾಗ ಇನ್ನೊಂದು ಕಣ್ಣಿಗೆ ಬಿತ್ತು. ದೀಪದ ಪೆಟ್ಟಿಗೆಯನ್ನು ಹಿಡಿದಿದ್ದ ಸ್ಕ್ರೂಗಳಲ್ಲಿ ಕೆಳಗಿನದರ ತೂತು ಸವೆದು ಹೋಗಿ, ಅದಕ್ಕೆ ಏನೋ ಬಿಳಿಯದನ್ನು ತುಂಬಿ, ಸ್ಕ್ರೂವನ್ನು ಅದರೊಳಗೆ ಭದ್ರವಾಗಿ ನಿಲ್ಲಿಸಿದ್ದರು. ಅಂಚನ್ನು ಎಷ್ಟು ನುಣ್ಣಗೆ ತೀಡಿದ್ದರೆಂದರೆ, ಆ ಕೊಳಕು ಡಿಕ್ಕಿಯಲ್ಲಿ ಅಷ್ಟು ಚೊಕ್ಕವಾದ ಕೆಲಸ ಅದೊಂದೇ. ಉಗುರಿನಿಂದ ಕೆರೆದೆ. ಕಲ್ಲಿನ ಹಾಗೆ ಗಟ್ಟಿ. ಅದರ ಮೇಲೆ ಒಂದು ಚೂರೂ ಧೂಳು ಕೂತಿರಲಿಲ್ಲ.

"ಇದೇನು ಸುಣ್ಣವೋ, ಅಂಟೋ?"

ಟಾರ್ಚಿನ ಬೆಳಕು ಪಕ್ಕಕ್ಕೆ ಸರಿಯಿತು.

"ಗೊತ್ತಿಲ್ಲ ಮೇಡಂ."

ಗೊತ್ತಿತ್ತು. ಗೊತ್ತಿಲ್ಲದವರು ಬಗ್ಗಿ ನೋಡುತ್ತಾರೆ, ಇವಳು ಹಿಂದೆ ಸರಿದಳು.

"ಇದೇ ಥರದ ಕಾರು ಇನ್ಯಾರ ಹತ್ರ ಇದೆ?"

"ಮಾವನ ಹತ್ರ. ಎರಡನ್ನೂ ಒಟ್ಟಿಗೆ ಹರಾಜಲ್ಲಿ ತಗೊಂಡಿದ್ರು. ಆದ್ರೆ ಮಾವನ ಕಾರಲ್ಲಿ ಎರಡೂ ದೀಪ ಉರೀತವೆ ಮೇಡಂ. ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ, ಬ್ರೇಕ್ ಒತ್ತಿ ನಾನೇ ನೋಡಿದ್ದೀನಿ. ಗೋಡೆ ಮೇಲೆ ಎರಡೂ ಕೆಂಪು ಬಿತ್ತು."

"ಯಾವಾಗ ನೋಡ್ದೆ?"

"ಆ ಹೆಂಗಸು ಸತ್ತ ಮಾರನೇ ದಿನ. ಒಂದು ದೀಪ ಇಲ್ಲದ ಕಾರು ಅಂತ ಎಲ್ಲಾ ಕಡೆ ಮಾತಾಡ್ತಿದ್ರಲ್ಲ."

"ನಿನ್ನ ಮಾವನ ಕಾರಿನ ದೀಪ ನೀನ್ಯಾಕೆ ನೋಡೋಕೆ ಹೋದೆ?"

"ಸುಮ್ನೆ," ಎಂದಳು.

ಯಾರೂ ಸುಮ್ಮಸುಮ್ಮನೆ ಕಾರನ್ನು ಗೋಡೆಗೆ ತಿರುಗಿಸಿ ದೀಪ ನೋಡುವುದಿಲ್ಲ. ಆದರೆ ನಾನು ಆಗ ಅವಳನ್ನು ಕೆದಕಲಿಲ್ಲ. ಮೊದಲು ಆ ಕಾರು ನೋಡಬೇಕಿತ್ತು.

ಮಾವ ಅಂದರೆ ಅವಳ ತಾಯಿಯ ತಮ್ಮ, ಹಲ್ಲಿನ ಡಾಕ್ಟರು. ತಾಯಿ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನೂ ಸಾಕಿದವರು. ಮನೆಯ ಮುಂಭಾಗವೇ ಕ್ಲಿನಿಕ್ಕು. ಅಕ್ಕ ಅಲ್ಲಿ ಅವರ ಬಲಗೈ. ಉಪಕರಣ ತೊಳೆಯುವುದು, ರೋಗಿಯ ಬಾಯಿಗೆ ಹತ್ತಿ ಇಡುವುದು, ಮದ್ದು ಕಲಸುವುದು, ನೆಲ ಒರೆಸುವುದು, ಮಾವನಿಗೆ ಅಡುಗೆ ಮಾಡುವುದು, ಎಲ್ಲ ಅವಳದೇ. ಸಂಬಳ ಅಂತ ಕೇಳಿದರೆ "ಮನೆಯವಳಲ್ವಾ" ಎನ್ನುತ್ತಾರಂತೆ. ಹೀಗೆ ಸಾಕುವವರು ಸಿಕ್ಕಿದರೆ ಅನಾಥರಾಗಿರುವುದೇ ಮೇಲು.

ಡಾಕ್ಟರ ಕಾರು ಮುಂದಿನ ಚಾವಣಿಯ ಕೆಳಗೆ ನಿಂತಿತ್ತು. ಡಿಕ್ಕಿಗೆ ಬೀಗ ಹಾಕಿರಲಿಲ್ಲ. ಒಳಗೆ ಒಣಗಿದ, ಗುಡಿಸಿದ, ಔಷಧಿಯ ವಾಸನೆಯ ಜಾಗ. ಎಡಗಡೆಯ ಹೋಲ್ಡರು ಹೊಸದರಂತೆ ಹೊಳೆಯುತ್ತಿತ್ತು. ಅದರೊಳಗಿದ್ದ ಬಲ್ಬನ್ನು ಬಿಚ್ಚಿದೆ. ಬುಡದ ಸುತ್ತ ಹಸಿರು ಕಿಲುಬು.

ಶೆಡ್ಡಿನ ಒಳ್ಳೆಯ ಬಲ್ಬು ಇಲ್ಲಿತ್ತು. ಇಲ್ಲಿಯ ಸತ್ತ ಬಲ್ಬು ಶೆಡ್ಡಿನಲ್ಲಿತ್ತು.

ಒಂದು ಬಲ್ಬಿಗೆ ಅಂಗಡಿಗೆ ಹೋದರೆ ಅಂಗಡಿಯವನು ನೆನಪಿಟ್ಟುಕೊಳ್ಳುತ್ತಾನೆ. ಅದಕ್ಕೇ ಮನೆಯಲ್ಲೇ ಅದಲು ಬದಲು. ತನ್ನ ಕಾರಿಗೆ ಕಣ್ಣು ಬಂತು, ಅಳಿಯನ ಕಾರಿಗೆ ಕಣ್ಣು ಹೋಯಿತು. ಎಷ್ಟು ಅಗ್ಗವಾಗಿ ಒಬ್ಬ ಹುಡುಗನ ಬದುಕು ಮುಗಿಸಬಹುದು ಎಂದು ಯೋಚಿಸಿ ನನಗೆ ಅಸಹ್ಯವಾಯಿತು.

"ಏನ್ ಹುಡುಕ್ತಿದ್ದೀರಾ ಪತ್ತೇದಾರಮ್ಮ? ಹಲ್ಲು ಗಿಲ್ಲು ಬಿದ್ದೋಯ್ತಾ?"

ಡಾಕ್ಟರು ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತಿದ್ದರು. ಕೈಗವಸು ಹಾಕಿದ ಕೈಯಲ್ಲಿ ಒಂದು ಬಿಸ್ಕತ್ತು. ಗವಸಿನ ಬೆರಳ ತುದಿ ಕೆಂಪಗಿತ್ತು.

"ಒಳಗೆ ಮಾತಾಡೋಣ ಡಾಕ್ಟ್ರೇ."

"ಬನ್ನಿ ಬನ್ನಿ. ಈಗಷ್ಟೇ ಒಂದು ದವಡೆ ಹಲ್ಲು ಕಿತ್ತೆ. ಟೀ ಕುಡೀತೀರಾ?"

"ಬೇಡ," ಎಂದೆ.

ಆ ಕೋಣೆಯಲ್ಲಿ ಕೂರಲು ಇದ್ದದ್ದು ರೋಗಿಯ ಕುರ್ಚಿಯೊಂದೇ. ಕೂತೆ. ಪಕ್ಕದ ಉಗುಳುವ ಬಟ್ಟಲಲ್ಲಿ ತೆಳುಗೆಂಪು ನೀರು ನಿಂತಿತ್ತು, ಅದರಲ್ಲಿ ಹತ್ತಿಯ ಉಂಡೆಯೊಂದು ತೇಲುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಒಂದು ಗಾಜಿನ ಜಾಡಿ ತುಂಬಾ ಕಿತ್ತ ಹಲ್ಲುಗಳು. ಜನ ಮೀನು ಸಾಕುತ್ತಾರೆ, ಗಿಡ ಸಾಕುತ್ತಾರೆ, ಇವರಿಗೆ ಇದು.

ಆಗ ನೋಡಿದೆ. ಕುರ್ಚಿಯ ತೋಳಿನ ಬಿರುಕಿಗೆ ಬಿಳಿ ತುಂಬಿದ್ದರು, ನುಣ್ಣಗೆ ತೀಡಿದ್ದರು. ಗೋಡೆಯಲ್ಲಿ ಮೊಳೆ ಕಿತ್ತ ತೂತುಗಳಿಗೂ ಅದೇ ಬಿಳಿ. ನಲ್ಲಿಯ ಬುಡಕ್ಕೂ ಅದೇ. ಅವರ ಟೀ ಕಪ್ಪಿನ ಹಿಡಿ ಮುರಿದದ್ದನ್ನು ಕೂಡಿಸಿದ್ದೂ ಅದೇ.

"ಚೆನ್ನಾಗಿ ರಿಪೇರಿ ಮಾಡ್ತೀರಾ ಡಾಕ್ಟ್ರೇ."

"ಹಲ್ಲಿನ ಸಿಮೆಂಟು ಮೇಡಂ!" ಮುಖ ಅರಳಿತು. "ಅದರಷ್ಟು ಗಟ್ಟಿ ಇನ್ನೊಂದಿಲ್ಲ. ಅವಳು ಕಲಸಿ ಕೊಡ್ತಾಳೆ, ನಾನು ತುಂಬ್ತೀನಿ. ನನಗೆ ತೂತು ಕಂಡ್ರೆ ತಡ್ಕೊಳ್ಳೋಕಾಗಲ್ಲ. ಮುವ್ವತ್ತು ವರ್ಷದ ಅಭ್ಯಾಸ, ಕೈ ತಾನಾಗೇ ಹೋಗುತ್ತೆ."

"ಅಳಿಯನ ಕಾರಿನ ಡಿಕ್ಕೀಲೂ ಕೈ ತಾನಾಗೇ ಹೋಯ್ತಾ?"

ಬಿಸ್ಕತ್ತು ಬಾಯಿಯ ಹತ್ತಿರ ನಿಂತಿತು. ಫೋನಿನಲ್ಲಿ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದರು. ನಾಚಿಕೆಯ ಸುಳಿವಿರಲಿಲ್ಲ. ತಮ್ಮ ಕೈಕೆಲಸ ಹೇಗೆ ಬಂದಿದೆ ಎಂದು ಪರೀಕ್ಷಿಸುವವರ ಹಾಗಿತ್ತು.

"ಇದು ಎಂದೋ ಹಾಕಿದ್ದಿರಬೇಕು."

"ಇಲಿಗಳು ಉಚ್ಚೆ ಹೊಯ್ದು ಎಲ್ಲಾ ಹಳದಿ ಮಾಡಿವೆ. ನಿಮ್ಮ ಸಿಮೆಂಟಿನ ಮೇಲೆ ಧೂಳೂ ಕೂತಿಲ್ಲ. ಬಿಚ್ಚೋ ಅಗತ್ಯವೇ ಇಲ್ಲದ ಸ್ಕ್ರೂ ಬಿಚ್ಚಿದ್ರಿ, ತೂತು ಹಾಳಾಯ್ತು. ಹಾಗೇ ಬಿಟ್ಟು ಬಂದಿದ್ರೆ ನಾನು ಜನ್ಮದಲ್ಲಿ ಹಿಡೀತಿರ್ಲಿಲ್ಲ."

"ಅವನೇ ಬಲ್ಬು ಬದಲಾಯಿಸಿರಬಹುದು. ನನ್ನ ಸಿಮೆಂಟು ಕದ್ದಿರಬಹುದು."

"ನಾನು ಬಲ್ಬಿನ ಮಾತೇ ಎತ್ತಿಲ್ಲವಲ್ಲ ಡಾಕ್ಟ್ರೇ. ಬರೀ ತೂತಿನ ವಿಷಯ ಕೇಳ್ದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ಡಾಕ್ಟರು ಗವಸು ಕಳಚಿ ಬುಟ್ಟಿಗೆ ಎಸೆದರು, ಅದು ಅಂಚಿಗೆ ಸಿಕ್ಕಿ ನೇತಾಡಿತು.

"ಕೆಟ್ಟ ಬಲ್ಬನ್ನ ತಾನೇ ತನ್ನ ಕಾರಿಗೆ ಹಾಕ್ಕೊಳ್ಳೋ ಹುಚ್ಚ ಯಾರು?" ಎಂದೆ. "ಎಲ್ಲರ ಬಾಯೂ ನೀವು ತೆಗೆಸ್ತೀರಾ. ಇವತ್ತು ನೀವು ತೆಗೀರಿ."

ಅವರು ಸ್ಟೂಲು ಎಳೆದು ನನ್ನ ಪಕ್ಕ ಕೂತರು. ರೋಗಿಗೆ ಧೈರ್ಯ ಹೇಳುವ ಮೆತ್ತನೆಯ ದನಿ ಬಂತು. ಆ ದನಿ ಕೇಳಿಯೇ ನನಗೆ ಮೈ ಮೇಲೆ ಹಲ್ಲಿ ಬಿದ್ದ ಹಾಗಾಯಿತು.

"ಸರಿ. ಬದಲಾಯಿಸಿದ್ದು ನಾನೇ. ಆದ್ರೆ ಕಾರು ಓಡಿಸಿದ್ದು ನಾನಲ್ಲ. ನನಗೆ ಕಣ್ಣಲ್ಲಿ ಪೊರೆ. ಕತ್ತಲಾದ ಮೇಲೆ ಸ್ಟಿಯರಿಂಗ್ ಮುಟ್ಟಲ್ಲ, ಯಾರನ್ನ ಬೇಕಾದ್ರೂ ಕೇಳಿ."

"ಮತ್ತೆ ಯಾರು ಓಡಿಸಿದ್ದು?"

"ನಿಮ್ಮನ್ನ ಕರೆಸಿದವಳು."

ಗೋಡೆ, ಕೆಂಪು ಬೆಳಕು, 'ಸುಮ್ನೆ'. ನನ್ನ ಮೂಗಿನ ಕೆಳಗೇ ಇದ್ದದ್ದನ್ನು ನಾನು ದಾಟಿ ಬಂದಿದ್ದೆ.

"ಅವಳು ಇನ್ನೂ ಕಲೀತಿದ್ದಾಳೆ," ಎಂದರು ಡಾಕ್ಟರು. "ಪಾಪ, ಕೈ ತಪ್ಪಿತು. ನೀವೇ ನ್ಯಾಯವಾಗಿ ಯೋಚಿಸಿ ಮೇಡಂ. ಹೆಣ್ಣುಮಗಳು ಜೈಲಿಗೆ ಹೋದ್ರೆ ಮುಂದೆ ಗತಿ ಏನು? ಗಂಡು ಹೇಗಾದ್ರೂ ತಡ್ಕೊಳ್ತಾನೆ. ಒಂದೆರಡು ವರ್ಷ ಇದ್ದು ಬರ್ತಾನೆ."

"ಅವನನ್ನ ಕೇಳಿದ್ರಾ?"

"ಕೇಳೋದೇನು, ನಾನು ಸಾಕಿದವನು."

"ಅವಳನ್ನ?"

"ಅವಳಿಗೆ ಗೊತ್ತೇ ಇಲ್ಲ. ಗೊತ್ತಾದ್ರೆ ಕುಸಿದು ಹೋಗ್ತಾಳೆ. ಅವಳಿಲ್ದೆ ಈ ಕ್ಲಿನಿಕ್ ನಡಿಯಲ್ಲ ಮೇಡಂ. ಒಂದು ದಿನವೂ ನಡಿಯಲ್ಲ."

ಕಡೆಗೂ ನಿಜ ಬಾಯಿಂದ ಬಂತು. ಕೆಲಸಕ್ಕೆ ಬರುವ ಹಲ್ಲು ಉಳಿಸಿಕೊಂಡು, ಬೇಡದ್ದನ್ನು ಕಿತ್ತೆಸೆಯುವ ಹಾಗೆ ತಾವು ಸಾಕಿದ ಮಕ್ಕಳಲ್ಲಿ ಒಬ್ಬಳನ್ನು ಇಟ್ಟುಕೊಂಡು ಒಬ್ಬನನ್ನು ಬಿಸಾಕಿದ್ದರು. ಅದಕ್ಕೆ ಪ್ರೀತಿ ಅಂತ ಹೆಸರು ಬೇರೆ. ಎದ್ದು ಆ ಬಟ್ಟಲಲ್ಲಿ ಉಗುಳಿ ಬಿಡೋಣ ಅನ್ನಿಸಿತು.

"ಸತ್ತವಳೊಬ್ಬಳು ಇದ್ದಾಳೆ ಡಾಕ್ಟ್ರೇ. ಅವಳ ಲೆಕ್ಕ ಎಲ್ಲೂ ಬರಲೇ ಇಲ್ಲ."

"ಅಯ್ಯೋ, ಬಿಡಿ. ಕಸ ಆಯೋಳು. ಹಿಂದಿಲ್ಲ ಮುಂದಿಲ್ಲ. ಹೇಗೂ ಉಳೀತಿರ್ಲಿಲ್ಲ ಅವಳು, ಆ ಥರ ಉಸಿರು ಎಳೀತಿದ್ರೆ..."

ಅಲ್ಲಿಗೆ ನಿಲ್ಲಿಸಿದರು. ನಾನು ಕುರ್ಚಿಯಲ್ಲಿ ನೆಟ್ಟಗಾದೆ.

"ಯಾವ ಥರ ಎಳೀತಿದ್ಲು?"

"ಹಾಗೇ ಇರುತ್ತೆ ಅಂತ ಹೇಳ್ದೆ. ವೈದ್ಯಕೀಯವಾಗಿ."

"ಕಾವಲುಗಾರ ನೋಡೋ ಹೊತ್ತಿಗೆ ಅವಳು ಸತ್ತಿದ್ಲು. ಉಸಿರು ಎಳೆಯೋದು ನೋಡಿದವರು ಯಾರೂ ಇಲ್ಲ, ಪೊಲೀಸರ ಹತ್ರ ಯಾರೂ ಹೇಳಿಲ್ಲ. ನೀವೆಲ್ಲಿ ನೋಡಿದ್ರಿ?"

"ಮಾತಿಗೆ ಮಾತು ತಿರುಚ್ಬೇಡಿ."

ಹಿಂದೆ ಏನೋ ಸದ್ದಾಯಿತು. ಅಕ್ಕ ಬಾಗಿಲಲ್ಲಿದ್ದಳು. ಕುದಿಸಿ ತೊಳೆದ ಉಪಕರಣಗಳ ತಟ್ಟೆ ಅವಳ ಕೈಯಲ್ಲಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಮುಖ ನೋಡಿದರೆ ಪೂರ್ತಿ ಕೇಳಿಸಿಕೊಂಡಿದ್ದಳು.

"ಎರಡೂ ಉರೀತಿತ್ತಲ್ಲ ಮಾವ," ಎಂದಳು. "ನಾನು ಗೋಡೆಗೆ ತಿರುಗಿಸಿ ನೋಡ್ದೆ. ಎರಡೂ ಬೆಳಕು ಬಿತ್ತು. ಹಾಗಾದ್ರೆ ನಮ್ಮ ಕಾರಲ್ಲ, ನಾನು ಗುದ್ದಿದ್ದು ಮೂಟೇನೇ ಅಂತ ಅವತ್ತು ದೇವರಿಗೆ ಕೈ ಮುಗಿದೆ."

"ಒಳಗೆ ಹೋಗೇ."

"ಅವತ್ತು ಬೆಳಿಗ್ಗೆ ರೋಗಿಗಳೇ ಇರ್ಲಿಲ್ಲ. ಸ್ವಲ್ಪ ಸಿಮೆಂಟು ಕಲಸು ಅಂದ್ರಿ. ಕಲಸಿ ಕೊಟ್ಟೆ. ನನ್ನ ತಮ್ಮನ್ನ ಒಳಗೆ ಹಾಕೋಕೆ ನನ್ನ ಕೈಯಲ್ಲೇ ಕಲಸಿದ್ರಾ?"

"ನಿನ್ನ ಒಳ್ಳೇದಕ್ಕೇ ಕಣೇ ಮಾಡಿದ್ದು! ಗುದ್ದಿದವಳು ನೀನು. ಇವರ ಮುಂದೆ ಬಾಯಿ ಬಿಟ್ರೆ ನಾಳೆ ಅವನ ಜಾಗದಲ್ಲಿ ನೀನಿರ್ತೀಯ. ತಿಳೀತಾ?"

"ತಿಳೀತು," ಎಂದಳು. ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಓಡಿಸಿದ್ದು ನಾನೇ ಮೇಡಂ. ಪಕ್ಕದಲ್ಲಿ ಮಾವ ಕೂತಿದ್ರು. ಏನೋ ಬಡೀತು, ಬ್ರೇಕ್ ಹಾಕ್ದೆ. ಆ ರಸ್ತೆ ತುಂಬಾ ಕಸದ ಮೂಟೆ ಬಿದ್ದಿರ್ತವೆ. ನೀನು ಇಳೀಬೇಡ, ನಾನು ನೋಡಿ ಬರ್ತೀನಿ ಅಂತ ಇವರು ಹೋದ್ರು. ಅಲ್ಲಿ ಇಳಿಜಾರು. ಕಾರು ಜಾರುತ್ತೆ ಅಂತ ಹೆದರಿ ನಾನು ಬ್ರೇಕ್ ಮೇಲಿಂದ ಕಾಲು ತೆಗೀಲೇ ಇಲ್ಲ."

ಗೋದಾಮಿನ ಕಾವಲುಗಾರ ನನಗೆ ಹೇಳಿದ್ದ, ತಾನು ದೂರದ ಗೇಟಿನಲ್ಲಿ ಒಂದು ಸಿಗರೇಟು ಪೂರ್ತಿ ಸೇದಿ ಮುಗಿಸುವವರೆಗೂ ಆ ಒಂಟಿ ಕೆಂಪು ದೀಪ ಉರಿಯುತ್ತಲೇ ಇತ್ತು ಎಂದು. ಗುದ್ದಿ ಓಡುವವರು ಅಷ್ಟು ಹೊತ್ತು ಯಾಕೆ ಬ್ರೇಕ್ ಒತ್ತಿ ಕೂರುತ್ತಾರೆ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ಕೂತವಳು ಬೇರೆ, ಇಳಿದವರು ಬೇರೆ.

"ಕಾಲು ಜೋಮು ಹಿಡೀತು," ಎಂದಳು ಅಕ್ಕ. "ಕೂಗಿದೆ, ಮಾವ, ಏನಾಯ್ತು ಅಂತ. ಬಂದೆ ಇರೇ ಅಂದ್ರು. ಮತ್ತೂ ಬರ್ಲಿಲ್ಲ. ಕಡೆಗೆ ಬಂದು ಕೂತು, ಮೂಟೆ ಕಣೇ, ನಡಿ ಅಂದ್ರು."

ಈಗ ಅವಳು ಅವರ ಎದುರಿಗೇ ಹೋಗಿ ನಿಂತಳು. ದನಿ ಏರಿಸಲಿಲ್ಲ.

"ಅವಳು ಉಸಿರು ಎಳೀತಿದ್ಲು ಅಂತ ಈಗ ನಿಮ್ಮ ಬಾಯಲ್ಲೇ ಬಂತು. ನೀವು ಡಾಕ್ಟ್ರು. ಎತ್ತಿ ಕಾರಿಗೆ ಹಾಕ್ಲಿಲ್ಲ. ನನ್ನನ್ನ ಕರೀಲಿಲ್ಲ. ಅಷ್ಟು ಹೊತ್ತು ಅವಳ ಹತ್ರ ಕೂತು ಏನು ಮಾಡಿದ್ರಿ ಮಾವ?"

ಡಾಕ್ಟರು ಕರವಸ್ತ್ರ ತೆಗೆದು ತುಟಿಯ ಮೇಲಿನ ಬಿಸ್ಕತ್ತಿನ ಪುಡಿ ಒರೆಸಿಕೊಂಡರು. ಹೊರಗೆ ಯಾರೋ ರೋಗಿ ಬಂದು ಕೆಮ್ಮಿದ ಸದ್ದು ಕೇಳಿಸಿತು.

"ಬಾಗಿಲು ಹಾಕು," ಎಂದರು.

ಅಕ್ಕ ಬಾಗಿಲು ಹಾಕಿದಳು. ಒಳಗಿನಿಂದ ಬೀಗ ತಿರುಗಿಸಿ ಕೀಲಿ ಹೊರಗೆಳೆದಳು. ನೇರ ನನ್ನ ಹತ್ತಿರ ಬಂದು ಅದನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ತಾನೇ ಮಡಚಿದಳು.

"ಅಲ್ಲಿ ಏನು ಮಾಡಿದ್ರು ಅಂತ ಇವರು ಹೇಳೋವರೆಗೂ ತೆಗೀಬೇಡಿ ಮೇಡಂ. ನಾನೇ ಕಾಲಿಗೆ ಬಿದ್ದು ಸಾಕು ಅಂತ ಕೇಳ್ಕೊಂಡ್ರೂ ತೆಗೀಬೇಡಿ."